ಸಿಡಿಲು, ಹೈ ವೋಲ್ಟೇಜ್ ಮತ್ತು ಮನೆಯ ಉಪಕರಣಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಭರಣಿ, ಕೃತ್ತಿಕಾ ಮಳೆ ಶುರುವಾಯಿತೆಂದರೆ ಮಲೆನಾಡು, ಕರಾವಳಿಯ ರಿಪೇರಿ ಅಂಗಡಿಗಳಲ್ಲಿ ಟಿವಿ, ರೂಟರ್, ಇನ್ವರ್ಟರ್ ಬೋರ್ಡುಗಳ ರಾಶಿ ಬೀಳುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗಿನ ಜಡಿಮಳೆಯಲ್ಲಿ ಸಿಡಿಲು ಕಡಿಮೆ. ಏಪ್ರಿಲ್-ಮೇ ತಿಂಗಳ ಸಂಜೆಯ ಗುಡುಗುಮಳೆ, ಆಮೇಲೆ ಚಿತ್ತಾ-ಸ್ವಾತಿ ಹೊತ್ತಿನ ಹಿಂಗಾರು, ಹಾನಿಯೆಲ್ಲ ಹೆಚ್ಚಾಗಿ ಈ ಎರಡು ಕಾಲದಲ್ಲೇ. ವೈರಿಂಗ್ ಕೆಲಸಕ್ಕೆ ಹೋದಲ್ಲೆಲ್ಲ ಜನ ನನ್ನನ್ನು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿ ಉತ್ತರಿಸಿದ್ದೇನೆ. ಒಂಟಿ ಮನೆ, ತೋಟದ ಮನೆ, ದೂರದ ಟಿಸಿಯಿಂದ (ಟ್ರಾನ್ಸ್‌ಫಾರ್ಮರ್‌ನಿಂದ) ಕಂಬ ದಾಟಿ ದಾಟಿ ಬಂದ ಲೈನು, ಇಂಥವರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆದದ್ದು. ಪೇಟೆಯವರಿಗೂ ಬಹುಪಾಲು ಅನ್ವಯಿಸುತ್ತದೆ.

ನಮ್ಮ ಮನೆ ಮೇಲೆ ಸಿಡಿಲು ಬಿದ್ದೇ ಇಲ್ಲ. ಆದರೂ ಟಿವಿ ಸುಟ್ಟಿದ್ದು ಹೇಗೆ?

ಮನೆ ಮೇಲೆ ಬೀಳಲೇಬೇಕೆಂದಿಲ್ಲ. ಸುಟ್ಟ ಉಪಕರಣಗಳಲ್ಲಿ ಹೆಚ್ಚಿನವು ಎಲ್ಲೋ ಆಚೆ ಬಿದ್ದ ಸಿಡಿಲಿಗೆ ಬಲಿಯಾದವು. ಒಂದು ಸಾಧಾರಣ ಸಿಡಿಲಿನಲ್ಲಿ ಸುಮಾರು 30,000 ಆಂಪಿಯರ್ ಕರೆಂಟ್ ಹರಿಯುತ್ತದೆ, ದೊಡ್ಡದಾದರೆ ಒಂದು ಲಕ್ಷವನ್ನೂ ದಾಟುತ್ತದೆ. ಅಷ್ಟು ಕರೆಂಟ್ ಕಣ್ಣುಮುಚ್ಚಿ ತೆರೆಯುವುದರೊಳಗೆ ಏರಿ ಇಳಿಯುವಾಗ ಸುತ್ತಲಿನ ಕಾಂತಕ್ಷೇತ್ರವೂ ಹಾಗೆಯೇ ಏರಿ ಇಳಿಯುತ್ತದೆ. ಆ ವ್ಯಾಪ್ತಿಯಲ್ಲಿರುವ ಯಾವುದೇ ಉದ್ದದ ತಂತಿಯಲ್ಲಿ, ಅದು ಕಂಬದ ಲೈನಾಗಲಿ, ಕೇಬಲ್ ಟಿವಿಯ ವೈರಾಗಲಿ, ಪಂಪ್‌ಶೆಡ್ಡಿಗೆ ಎಳೆದ ಕೇಬಲ್ ಆಗಲಿ, ಸಾವಿರಾರು ವೋಲ್ಟ್ ಹುಟ್ಟುತ್ತದೆ. ಪಕ್ಕದ ತೋಟದ ತೆಂಗಿನ ಮರಕ್ಕೆ ಬಡಿದರೂ ಸಾಕು. ಲೈನಿಗೇ ನೇರ ಬಡಿದರೆ ಕಿಲೋಮೀಟರ್ ದೂರದ ಮನೆಗೂ ಅದರ ಪಾಲು ತಲುಪುತ್ತದೆ.

ಇನ್ನೊಂದು ದಾರಿ ನೆಲದ್ದು. ಸಿಡಿಲು ಬಿದ್ದ ಜಾಗದ ನೆಲದ ವೋಲ್ಟೇಜ್ ಒಮ್ಮೆಲೇ ಮೇಲೇಳುತ್ತದೆ. ನಿಮ್ಮ ಅರ್ತ್ ಪಿಟ್ (ಅರ್ತಿಗೆಂದು ಪೈಪ್ ಹುಗಿದ ಗುಂಡಿ) ಆ ಹತ್ತಿರವಿದ್ದರೆ ಅರ್ತ್ ವೈರಿನ ಮೂಲಕವೇ ಸರ್ಜ್, ಅಂದರೆ ಒಮ್ಮೆಲೇ ಏರಿದ ಆ ವೋಲ್ಟೇಜ್, ಒಳಗೆ ಬರುತ್ತದೆ.

ಸಿಡಿಲಿನ ಸರ್ಜ್ ಮತ್ತು ಹೈ ವೋಲ್ಟೇಜ್ ಎರಡೂ ಒಂದೇ ಅಲ್ಲವೇ?

ಅಲ್ಲ. ಈ ವ್ಯತ್ಯಾಸ ತಿಳಿಯದೆ ಜನ ದುಡ್ಡು ಹಾಳುಮಾಡಿಕೊಳ್ಳುತ್ತಾರೆ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಸಿಡಿಲಿನ ಸರ್ಜ್ ಸಾವಿರಾರು ವೋಲ್ಟಿನದು, ಆದರೆ ಅದರ ಆಯಸ್ಸು ಮೈಕ್ರೊಸೆಕೆಂಡ್‌ಗಳಲ್ಲಿ. ಒಂದು ಮೈಕ್ರೊಸೆಕೆಂಡ್ ಅಂದರೆ ಸೆಕೆಂಡಿನ 10 ಲಕ್ಷದಲ್ಲಿ ಒಂದು ಪಾಲು. ಹೈ ವೋಲ್ಟೇಜ್ ಅಂದರೆ 230 ಇರಬೇಕಾದಲ್ಲಿ 300, 350, ಕೆಲವೊಮ್ಮೆ 400 ವೋಲ್ಟ್ ಬರುವುದು. ಅದು ನಿಮಿಷಗಟ್ಟಲೆ, ಗಂಟೆಗಟ್ಟಲೆ ಇರಬಹುದು. ಸಾಮಾನ್ಯವಾಗಿ ನ್ಯೂಟ್ರಲ್ ತುಂಡಾದಾಗ, ಅಥವಾ ಗಾಳಿಗೆ ಫೇಸ್ ತಂತಿ ನ್ಯೂಟ್ರಲ್ ತಂತಿಗೆ ತಾಗಿದಾಗ ಹೀಗಾಗುತ್ತದೆ.

ಮೊದಲನೆಯದಕ್ಕೆ ಬೇಕಾದ್ದು ಎಸ್‌ಪಿಡಿ, ಅಂದರೆ ಸರ್ಜ್ ಪ್ರೊಟೆಕ್ಷನ್ ಡಿವೈಸ್. ಎರಡನೆಯದಕ್ಕೆ ಬೇಕಾದ್ದು ವೋಲ್ಟೇಜ್ ಮಿತಿ ದಾಟಿದೊಡನೆ ಲೈನ್ ಕಡಿಯುವ ಓವರ್-ಅಂಡರ್ ವೋಲ್ಟೇಜ್ ಪ್ರೊಟೆಕ್ಟರ್. ಒಂದು ಇನ್ನೊಂದರ ಕೆಲಸ ಮಾಡುವುದಿಲ್ಲ. ಗಾಳಿಮಳೆಯ ರಾತ್ರಿ ಎರಡೂ ಒಟ್ಟಿಗೆ ಬರುತ್ತವೆ, ಹಾಗಾಗಿ ಸುಟ್ಟದ್ದೆಲ್ಲ ಸಿಡಿಲಿಗೇ ಎಂದು ಜನ ತಿಳಿಯುತ್ತಾರೆ.

ಎಂಸಿಬಿ ಇದೆ, ಆರ್‌ಸಿಸಿಬಿ ಕೂಡ ಹಾಕಿಸಿದ್ದೇವೆ. ಸಾಲದೇ?

ಸಾಲದು. ಎಂಸಿಬಿ ಎಷ್ಟೇ ಚುರುಕಾಗಿ ಬಿದ್ದರೂ ಕೆಲವು ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ಸರ್ಜ್ ಬಂದು, ಸುಟ್ಟು, ಹೋಗಿಯೂ ಆಗಿರುತ್ತದೆ. ಎಂಸಿಬಿ ಇರುವುದು ಶಾರ್ಟ್ ಸರ್ಕ್ಯೂಟ್ ಮತ್ತು ಓವರ್‌ಲೋಡ್‌ಗೆ. 30 ಮಿಲಿಆಂಪಿಯರ್ ಕರೆಂಟ್ ಸೋರಿದೊಡನೆ ಲೈನ್ ಕಡಿಯುವ ಆರ್‌ಸಿಸಿಬಿ ಇರುವುದು ನಿಮ್ಮ ಜೀವ ಉಳಿಸಲಿಕ್ಕೆ, ಅದನ್ನು ಖಂಡಿತ ಹಾಕಿಸಿ. ಗುಡುಗು ಬಂದಾಗ ಅದು ಸುಮ್ಮನೆ ಟ್ರಿಪ್ ಆಗುವುದುಂಟು. ಆಗುತ್ತದೆಂದು ಬೇಸತ್ತು ಬೈಪಾಸ್ ಮಾಡಿಸಬೇಡಿ.

ಸ್ಟೆಬಿಲೈಜರ್ ಸಿಡಿಲು ತಡೆಯುತ್ತದೆಯೇ?

ಇಲ್ಲ. ಅದು ಲೋ ವೋಲ್ಟೇಜ್ ಏರಿಸಲು, ತುಸು ಹೆಚ್ಚಿದ್ದನ್ನು ಇಳಿಸಲು ಇರುವಂಥದ್ದು. ಅದರೊಳಗಿನ ರಿಲೇ ಕದಲುವುದಕ್ಕೇ ಮಿಲಿಸೆಕೆಂಡ್‌ಗಳು ಬೇಕು. ಹೈ ಕಟ್-ಆಫ್ ಇರುವ ಸ್ಟೆಬಿಲೈಜರ್ ಆದರೆ ಫ್ರಿಜ್ಜನ್ನು ಹೈ ವೋಲ್ಟೇಜ್‌ನಿಂದ ಕಾಪಾಡೀತು, ಅಷ್ಟೇ.

ಸ್ವಿಚ್ ಆಫ್ ಮಾಡಿದರೆ ಸಾಕಲ್ಲ? ಪ್ಲಗ್ ಯಾಕೆ ಕೀಳಬೇಕು?

ಗೋಡೆಯ ಸ್ವಿಚ್ ಕಡಿಯುವುದು ಫೇಸ್ ಒಂದನ್ನೇ. ನ್ಯೂಟ್ರಲ್ ಮತ್ತು ಅರ್ತ್ ಉಪಕರಣಕ್ಕೆ ಹಾಗೆಯೇ ಅಂಟಿಕೊಂಡಿರುತ್ತವೆ, ಸರ್ಜ್ ಆ ಎರಡರಲ್ಲೂ ಬರುತ್ತದೆ. ಮೇಲಾಗಿ ಸ್ವಿಚ್ಚಿನೊಳಗಿನ ಸಂದು ಕೆಲವೇ ಮಿಲಿಮೀಟರ್. ಒಂದು ಮಿಲಿಮೀಟರ್ ಗಾಳಿಯನ್ನು ಸುಮಾರು 3,000 ವೋಲ್ಟ್ ಸೀಳಬಲ್ಲದು. ಮುಗಿಲಿನಿಂದ ನೆಲಕ್ಕೆ ಹಾರಿ ಬಂದದ್ದಕ್ಕೆ ಸ್ವಿಚ್ಚಿನ ಸಂದು ದೊಡ್ಡ ಅಡ್ಡಿಯಲ್ಲ.

ಪ್ಲಗ್ ಕಿತ್ತು ಸಾಕೆಟ್‌ನಿಂದ ಒಂದು ಗೇಣು ದೂರ ಇಟ್ಟರೆ ಮೂರೂ ತಂತಿ ಬೇರೆಯಾದಂತೆ. ಪೈಸೆ ಖರ್ಚಿಲ್ಲದ ಈ ಉಪಾಯಕ್ಕೆ ಸರಿಸಾಟಿಯಾದ ಯಾವ ಸಾಧನವನ್ನೂ ನಾನು ಕಂಡಿಲ್ಲ. ಆದರೆ ಟಿವಿಯ ಪ್ಲಗ್ ಕಿತ್ತು, ಡಿಶ್ ಕೇಬಲ್ ಹಾಗೆಯೇ ಬಿಟ್ಟರೆ ಅರ್ಧ ಕೆಲಸ ಮಾಡಿದಂತೆ. ಕೇಬಲ್, ಲ್ಯಾನ್ ವೈರ್, ಎಚ್‌ಡಿಎಂಐ ಯಾವುದರಿಂದಲೂ ಬೇರೊಂದು ಉಪಕರಣಕ್ಕೆ ಕೊಂಡಿ ಉಳಿಯಬಾರದು.

ಮೇನ್ ಸ್ವಿಚ್ಚನ್ನೇ ಇಳಿಸಿದರೆ?

ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವ ಡಬಲ್ ಪೋಲ್ ಮೇನ್ ಆದರೆ ಒಳ್ಳೆಯದೇ. ದೂರ ಹೋಗುವಾಗ ಹಾಗೆಯೇ ಮಾಡಿ. ಆದರೂ ಅರ್ತ್ ಉಳಿದೇ ಇರುತ್ತದೆ, ಕೇಬಲ್-ಲ್ಯಾನ್ ವೈರುಗಳು ಉಳಿದಿರುತ್ತವೆ, ಮನೆಯೊಳಗಿನ ವೈರಿಂಗಿನಲ್ಲೇ ಹುಟ್ಟುವ ಸರ್ಜ್ ಕೂಡ ಉಳಿಯುತ್ತದೆ. ಬೆಲೆಬಾಳುವ ಉಪಕರಣಗಳ ಪ್ಲಗ್ ಕೀಳುವುದು ತಪ್ಪುವುದಿಲ್ಲ.

ಗುಡುಗು ಶುರುವಾದೊಡನೆ ಕರೆಂಟೇ ಹೋಗುತ್ತದೆ. ಆಮೇಲೆ ಭಯವಿಲ್ಲ ಅಲ್ಲವೇ?

ಕರೆಂಟ್ ಹೋದರೂ ತಂತಿ ಅಲ್ಲೇ ಇದೆಯಲ್ಲ! ಸಿಡಿಲಿಗೆ ಬೇಕಾದ್ದು ತಂತಿ ಮಾತ್ರ. ಸತ್ತ ಲೈನಿನಲ್ಲೂ ಸರ್ಜ್ ಅದೇ ರಭಸದಿಂದ ಬರುತ್ತದೆ. ಕರೆಂಟ್ ವಾಪಸ್ ಬಂದ ಕ್ಷಣವೂ ಕೆಟ್ಟದ್ದೇ: ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ, ವೋಲ್ಟೇಜ್ ಕುಣಿಯುತ್ತದೆ. ಬಂದ ಮೇಲೆ 10 ನಿಮಿಷ ಒಂದೆರಡು ದೀಪ ಮಾತ್ರ ಉರಿಸಿ, ಬೆಳಕು ಸ್ಥಿರವಾಗಿದೆಯೇ ನೋಡಿ, ಆಮೇಲೆ ಫ್ರಿಜ್ಜು, ಟಿವಿ ಹಾಕಿ.

ಪ್ಲಗ್ ಯಾವಾಗ ಕೀಳಬೇಕು?

ಗುಡುಗು ದೂರದಲ್ಲಿರುವಾಗಲೇ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಸೆಕೆಂಡ್ ಎಣಿಸಿ. ಪ್ರತಿ 3 ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್. 30 ಸೆಕೆಂಡ್ ಅಂದರೆ 10 ಕಿಲೋಮೀಟರ್, ಅಷ್ಟು ಹತ್ತಿರ ಬರುವುದರೊಳಗೆ ಎಲ್ಲ ಕಿತ್ತಿರಬೇಕು. ನೆತ್ತಿಯ ಮೇಲೆ ಸಿಡಿಯುತ್ತಿರುವಾಗ ಎದ್ದು ಹೋಗಿ ಪ್ಲಗ್, ಕೇಬಲ್ ಮುಟ್ಟಬೇಡಿ. ಆ ಹೊತ್ತಿನಲ್ಲಿ ಟಿವಿ ಹೋದರೆ ಹೋಗಲಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆದ ಮೇಲೆ ಮತ್ತೆ ಜೋಡಿಸಿ.

ಮೊಬೈಲಿನಲ್ಲಿ ಮುನ್ಸೂಚನೆ ಬೇಕೆಂದರೆ ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ಇದೆ, ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ಸಿಡಿಲು’ ಆ್ಯಪ್ ಇದೆ. ಹಗಲು ಕೆಲಸಕ್ಕೆ ಹೊರಹೋಗುವವರು, ಮನೆಯಲ್ಲಿ ವಯಸ್ಸಾದವರು ಮಾತ್ರ ಇರುವವರು, ಗುಡುಗಿನ ಆ ಎರಡು ಕಾಲದಲ್ಲಿ ಬೆಳಿಗ್ಗೆಯೇ ಕಿತ್ತಿಟ್ಟು ಹೋಗುವುದು ಒಳ್ಳೆಯದು. ನಮ್ಮ ಗುಡುಗುಮಳೆ ಹೆಚ್ಚಾಗಿ ಮಧ್ಯಾಹ್ನ ಕಳೆದ ಮೇಲೆ ಬರುವಂಥದ್ದು.

ಎಸ್‌ಪಿಡಿ ಹೇಗೆ ಕೆಲಸ ಮಾಡುತ್ತದೆ?

ಅದರ ಒಳಗೆ ಮುಖ್ಯವಾಗಿ ಇರುವುದು ಜಿಂಕ್ ಆಕ್ಸೈಡಿನಿಂದ ಮಾಡಿದ ಬಿಲ್ಲೆ, ಎಂಒವಿ ಎನ್ನುತ್ತಾರೆ. ಮಾಮೂಲು ವೋಲ್ಟೇಜಿನಲ್ಲಿ ಅದು ಕರೆಂಟನ್ನು ಹೆಚ್ಚುಕಡಿಮೆ ಬಿಡುವುದೇ ಇಲ್ಲ. ವೋಲ್ಟೇಜ್ ಮಿತಿ ದಾಟಿತೋ, ಅತ್ಯಂತ ಅಲ್ಪ ಹೊತ್ತಿನಲ್ಲಿ ತಾನೇ ದಾರಿ ತೆರೆದು ಸರ್ಜನ್ನು ಅರ್ತ್ ಕಡೆಗೆ ಹರಿಯಬಿಡುತ್ತದೆ. ವೋಲ್ಟೇಜ್ ಇಳಿದಾಗ ಮತ್ತೆ ಮುಚ್ಚಿಕೊಳ್ಳುತ್ತದೆ.

ಗಮನಿಸಬೇಕಾದ್ದು ಇದು: ಎಸ್‌ಪಿಡಿ ಸರ್ಜನ್ನು ನುಂಗುವುದಿಲ್ಲ, ಬೇರೆ ಕಡೆಗೆ ತಿರುಗಿಸುತ್ತದೆ. ತಿರುಗಿಸಿದ್ದು ಹೋಗಲು ದಾರಿ ಇರಬೇಕು. ದಾರಿ ಸರಿಯಿಲ್ಲದ ಕಡೆ ಎಷ್ಟು ದುಬಾರಿ ಎಸ್‌ಪಿಡಿ ಹಾಕಿದರೂ ಪೆಟ್ಟಿಗೆಯೊಳಗೆ ಒಂದು ಅಲಂಕಾರ ಹೆಚ್ಚಾಯಿತು ಅಷ್ಟೆ.

ಅಂಗಡಿಯಲ್ಲಿ ಕೇಳಿದರೆ ಟೈಪ್ 1, ಟೈಪ್ 2 ಎನ್ನುತ್ತಾರೆ. ಯಾವುದು ತರಬೇಕು?

ಮನೆಯ ಮೇಲೆ ಮಿಂಚುವಾಹಕದ ಕಂಬಿ ಇದ್ದರೆ, ಅಥವಾ ಮನೆ ಗುಡ್ಡದ ತುದಿಯಲ್ಲಿ ಒಂಟಿಯಾಗಿದ್ದು ಓವರ್‌ಹೆಡ್ ಲೈನ್ ಬಂದಿದ್ದರೆ, ಮೇನ್ ಬೋರ್ಡಿಗೆ ಟೈಪ್ 1 ಮತ್ತು 2 ಸೇರಿದ್ದು ತನ್ನಿ. ನೇರ ಸಿಡಿಲಿನ ಪಾಲನ್ನು ಹೊರಬಲ್ಲದ್ದು ಟೈಪ್ 1. ಉಳಿದ ಮನೆಗಳಿಗೆ ಟೈಪ್ 2 ನಡೆಯುತ್ತದೆ. ಟೈಪ್ 3 ಉಪಕರಣದ ಪಕ್ಕದಲ್ಲಿ ಹಾಕುವಂಥದ್ದು, ಮೇಲಿನದ್ದಿಲ್ಲದೆ ಅದೊಂದೇ ಹಾಕಿ ಪ್ರಯೋಜನವಿಲ್ಲ.

ಮೈಮೇಲೆ ಬರೆದದ್ದನ್ನು ಓದಿ ತನ್ನಿ. ಐಇಸಿ 61643-11 ಎಂಬ ಮಾನಕದ ಸಂಖ್ಯೆ ಇರಬೇಕು. ‘ಯುಸಿ’ ಎಂದು ಬರೆದಿರುವುದು ಅದು ಸದಾ ತಾಳಿಕೊಳ್ಳುವ ವೋಲ್ಟೇಜ್. 275 ಬರೆದದ್ದು ಪೇಟೆಗೆ ಸರಿ. ಹಳ್ಳಿಯ ಲೈನಿನಲ್ಲಿ ನಡುರಾತ್ರಿ ಲೋಡ್ ಇಳಿದಾಗ ವೋಲ್ಟೇಜ್ 260-270 ಮುಟ್ಟುವುದುಂಟು, ಆದ್ದರಿಂದ 320 ಬರೆದದ್ದನ್ನೇ ಕೇಳಿ. ‘ಯುಪಿ’ ಅಂದರೆ ಸರ್ಜನ್ನು ಎಷ್ಟಕ್ಕೆ ಇಳಿಸುತ್ತದೆ ಎಂಬುದು, 1.5 ಕಿಲೋವೋಲ್ಟ್ ಅಥವಾ ಅದಕ್ಕಿಂತ ಕಡಿಮೆ ಇರಲಿ. ಟೈಪ್ 2ರಲ್ಲಿ ನಾಮಿನಲ್ ಕರೆಂಟ್ 20 ಕಿಲೋಆಂಪಿಯರ್, ಗರಿಷ್ಠ 40 ಇರುವುದು ಮನೆಗೆ ಧಾರಾಳ.

ನಮ್ಮ ಕಡೆಯ ಬಹುಪಾಲು ಮನೆಗಳಲ್ಲಿ ಅರ್ತ್ ನಮ್ಮದೇ ಪಿಟ್‌ನಿಂದ ಬರುತ್ತದೆ. ಇಂಥ ಕಡೆ ಸಿಂಗಲ್ ಫೇಸಿಗೆ ‘1+1’, ತ್ರೀ ಫೇಸಿಗೆ ‘3+1’ ಜೋಡಣೆಯ ಎಸ್‌ಪಿಡಿ ಬೇಕು. ಫೇಸ್-ನ್ಯೂಟ್ರಲ್ ನಡುವೆ ಎಂಒವಿ, ನ್ಯೂಟ್ರಲ್-ಅರ್ತ್ ನಡುವೆ ಗ್ಯಾಸ್ ಟ್ಯೂಬ್ ಇರುವಂಥದ್ದು. ಅಂಗಡಿಯವರಿಗೆ ಹೀಗೆಯೇ ಹೇಳಿ, ಅರ್ಥವಾಗುತ್ತದೆ.

ಎಲೆಕ್ಟ್ರಿಷಿಯನ್ ಹಾಕಿ ಹೋದ. ಸರಿಯಾಗಿ ಹಾಕಿದ್ದಾನೆಯೇ ಎಂದು ನೋಡುವುದು ಹೇಗೆ?

ಬೋರ್ಡಿನ ಮುಚ್ಚಳ ತೆಗೆಸಿ ತಂತಿಯ ಉದ್ದ ನೋಡಿ. ನಾನು ಮೊದಲು ನೋಡುವುದು ಇದನ್ನೇ. ಮೇನ್‌ನಿಂದ ಎಸ್‌ಪಿಡಿಗೆ ಹೋಗುವ ತಂತಿ, ಎಸ್‌ಪಿಡಿಯಿಂದ ಅರ್ತ್ ಬಾರಿಗೆ (ಅರ್ತ್ ತಂತಿಗಳೆಲ್ಲ ಸೇರುವ ಲೋಹದ ಪಟ್ಟಿಗೆ) ಹೋಗುವ ತಂತಿ, ಎರಡೂ ಸೇರಿ ಅರ್ಧ ಮೀಟರ್ ಮೀರಬಾರದು. ಅಂದವಾಗಿ ಕಾಣಲೆಂದು ತಂತಿಯನ್ನು ಸುತ್ತಿ ಟೈ ಕಟ್ಟಿ ಇಟ್ಟಿದ್ದರೆ ಬಿಚ್ಚಿಸಿ, ಕತ್ತರಿಸಿ, ನೇರ ಮಾಡಿಸಿ.

ಯಾಕೆಂದರೆ ಒಂದು ಮೀಟರ್ ನೇರ ತಂತಿಗೆ ಸುಮಾರು ಒಂದು ಮೈಕ್ರೊಹೆನ್ರಿ ಇಂಡಕ್ಟೆನ್ಸ್ (ಕರೆಂಟ್ ಒಮ್ಮೆಲೇ ಏರುವುದನ್ನು ತಡೆಯುವ ಗುಣ) ಇರುತ್ತದೆ. ಮಾಮೂಲು ಕರೆಂಟಿಗೆ ಅದು ಲೆಕ್ಕಕ್ಕಿಲ್ಲ. 10,000 ಆಂಪಿಯರ್ 8 ಮೈಕ್ರೊಸೆಕೆಂಡಿನಲ್ಲಿ ಏರಿದರೆ ಅದೇ ಒಂದು ಮೀಟರಿನ ಮೇಲೆ 1,250 ವೋಲ್ಟ್ ನಿಲ್ಲುತ್ತದೆ. ಎಸ್‌ಪಿಡಿ ತಾನು 1,500ಕ್ಕೆ ಇಳಿಸಿತು ಅನ್ನಿ. ಎರಡು ಮೀಟರ್ ತಂತಿ ಬಿಟ್ಟಿದ್ದರೆ 2,500 ಸೇರಿ ಉಪಕರಣಕ್ಕೆ ಸಿಗುವುದು 4,000. ಮನೆಬಳಕೆಯ ಉಪಕರಣ ಸಾಮಾನ್ಯವಾಗಿ ತಾಳುವಂತೆ ಮಾಡಿರುವುದು 2,500ಕ್ಕೆ, ನಾಜೂಕು ಎಲೆಕ್ಟ್ರಾನಿಕ್ಸ್ ಆದರೆ 1,500ಕ್ಕೆ. ಸಾವಿರಾರು ರೂಪಾಯಿಯ ಸಾಧನವನ್ನು ಎರಡು ಮೀಟರ್ ತಂತಿ ಹಾಳುಗೆಡವುತ್ತದೆ.

ಇನ್ನು ಎರಡು ವಿಷಯ. ಎಸ್‌ಪಿಡಿ ಮೇನ್ ಬೋರ್ಡಿನಲ್ಲೇ, ಲೈನ್ ಮನೆಯೊಳಗೆ ಕಾಲಿಡುವ ಜಾಗದಲ್ಲೇ ಇರಬೇಕು. ಅದರ ಹಿಂದೆ ಕಂಪನಿಯ ಚೀಟಿಯಲ್ಲಿ ಹೇಳಿದ ಅಳತೆಯ ಫ್ಯೂಸ್ ಅಥವಾ ಎಂಸಿಬಿ ಇರಬೇಕು. ಎಂಒವಿ ಸೋತು ಶಾರ್ಟ್ ಆದರೆ ಬೆಂಕಿ ಹಿಡಿಯದಂತೆ ತಡೆಯುವುದು ಅದೇ. ಬೋರ್ಡಿನಿಂದ ಉಪಕರಣಕ್ಕೆ ವೈರಿನ ದೂರ 10 ಮೀಟರ್ ದಾಟಿದರೆ ಅಲ್ಲಿಗೆ ಇನ್ನೊಂದು ಎಸ್‌ಪಿಡಿ ಬೇಕಾಗುತ್ತದೆ. ಉದ್ದದ ತೊಟ್ಟಿಮನೆಗಳಲ್ಲಿ, ಮಹಡಿ ಮೇಲೆ ಟಿವಿ ಇರುವ ಮನೆಗಳಲ್ಲಿ ಇದು ಸಾಮಾನ್ಯ.

ಸ್ಪೈಕ್ ಗಾರ್ಡ್ ಬೋರ್ಡ್ ಕೊಂಡರೆ ಆಗದೇ?

ಸ್ಪೈಕ್ ಗಾರ್ಡ್ ಎಂದು ಮಾರುವ ಎಷ್ಟೋ ಎಕ್ಸ್‌ಟೆನ್ಷನ್ ಬೋರ್ಡಿನೊಳಗೆ ಗುಂಡಿಯಷ್ಟು ಒಂದು ಎಂಒವಿ ಇರುತ್ತದೆ. ಕೆಲವದರಲ್ಲಿ ಕೆಂಪು ದೀಪ ಬಿಟ್ಟರೆ ಏನೂ ಇಲ್ಲ. ಜೂಲ್ ಲೆಕ್ಕದಲ್ಲಿ ಸಾಮರ್ಥ್ಯ ಬರೆದಿರದ ಬೋರ್ಡನ್ನು ಬರೀ ಎಕ್ಸ್‌ಟೆನ್ಷನ್ ಎಂದೇ ತಿಳಿಯಿರಿ. ಮೇನ್ ಬೋರ್ಡಿನಲ್ಲಿ ಎಸ್‌ಪಿಡಿ ಇದ್ದು, ಸಾಕೆಟ್ಟಿನ ಮೂರನೇ ತೂತಿಗೆ ನಿಜವಾದ ಅರ್ತ್ ಇದ್ದರೆ ಒಳ್ಳೆಯ ಸ್ಪೈಕ್ ಗಾರ್ಡ್ ಉಳಿದ ಚೂರನ್ನು ಹಿಡಿಯುತ್ತದೆ. ಎರಡು ಪಿನ್ನಿನ ಅಡಾಪ್ಟರ್ ಸಿಕ್ಕಿಸಿ ಅದಕ್ಕೆ ಸ್ಪೈಕ್ ಗಾರ್ಡ್ ಹಾಕಿದರೆ ಅರ್ತ್ ದಾರಿಯೇ ಇಲ್ಲ.

ಅರ್ತಿಂಗ್ ಇದೆ. ಬಲ್ಬ್ ಹಾಕಿ ನೋಡಿದ್ದೇವೆ, ಉರಿಯುತ್ತದೆ.

ಈ ಬಲ್ಬ್ ಪರೀಕ್ಷೆಯನ್ನು ಬಿಡಬೇಕು. 100 ವ್ಯಾಟಿನ ಬಲ್ಬಿನ ರೆಸಿಸ್ಟೆನ್ಸ್ ಸುಮಾರು 530 ಓಮ್. ಅರ್ತ್ 5 ಓಮ್ ಇರಲಿ, 50 ಓಮ್ ಇರಲಿ, ಕಣ್ಣಿಗೆ ಹೆಚ್ಚು ವ್ಯತ್ಯಾಸ ಕಾಣದಂತೆ ಉರಿಯುತ್ತದೆ. ಹಾಗೆ ನೋಡುವಾಗ ಅರ್ತ್ ವೈರ್ ಎಲ್ಲಾದರೂ ಕಡಿದಿದ್ದರೆ ಮನೆಯ ಲೋಹದ ಮೈಗಳಿಗೆಲ್ಲ ಕರೆಂಟ್ ಬರುತ್ತದೆ, ಅದು ಜೀವಕ್ಕೆ ಅಪಾಯ. ಅರ್ತ್ ಮೆಗ್ಗರ್ ಇರುವ ಕಂಟ್ರಾಕ್ಟರನ್ನು ಕರೆಸಿ ಅಳೆಸಿ, ಅಂಕಿಯನ್ನು ಬೋರ್ಡಿನ ಬಾಗಿಲ ಮೇಲೆ ತಾರೀಕು ಸಮೇತ ಬರೆಸಿ. ಬೇಸಿಗೆಯ ಕೊನೆಗೆ, ನೆಲ ಒಣಗಿರುವಾಗ ಅಳೆಸುವುದು ಸರಿಯಾದ ಕ್ರಮ. ಮಳೆಗಾಲದಲ್ಲಿ ಎಲ್ಲ ಅರ್ತೂ ಚೆನ್ನಾಗಿಯೇ ಕಾಣುತ್ತದೆ.

ಅಳೆಯುವ ಮೊದಲು ಪಿಟ್‌ನ ಮುಚ್ಚಳ ತೆಗೆದು ನೋಡಿ. ಎಷ್ಟೋ ಮನೆಗಳಲ್ಲಿ ಕಾಣುವ ನೋಟ ಒಂದೇ: ಜಿಐ ಪೈಪಿನ ಕೊರಳಲ್ಲಿ ಕ್ಲಾಂಪು, ಅದರ ಬೋಲ್ಟು ತುಕ್ಕು ಹಿಡಿದು ಹಳದಿ ಪುಡಿಯಾಗಿ ಉದುರುತ್ತಿರುತ್ತದೆ, ತಾಮ್ರದ ತಂತಿಯ ತುದಿ ಹಸಿರುಗಟ್ಟಿ ಬೋಲ್ಟಿಗೆ ತಾಗಿಯೂ ತಾಗದಂತೆ ಆತುಕೊಂಡಿರುತ್ತದೆ. ಬೆರಳಿನಿಂದ ತಟ್ಟಿದರೆ ಅಲ್ಲಾಡುತ್ತದೆ. ನೆಲದೊಳಗೆ ಎರಡೂವರೆ ಮೀಟರ್ ಪೈಪ್ ಇದ್ದರೂ ಆ ಒಂದು ಬೋಲ್ಟಿನಲ್ಲಿ ಎಲ್ಲ ನಿಂತಿತು. ಬಿಚ್ಚಿ, ಉಜ್ಜಿ, ಹೊಸ ಬೋಲ್ಟು-ವಾಷರ್ ಹಾಕಿ, ಗ್ರೀಸ್ ಬಳಿದು ಬಿಗಿಮಾಡಿದರೆ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯುವುದುಂಟು.

ನಮ್ಮದು ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ನೆಲ. ಎಷ್ಟು ಮಾಡಿದರೂ ಅರ್ತ್ ಬರುವುದಿಲ್ಲ.

ಬರುವುದು ಕಷ್ಟ, ನಿಜ. ಮುರಕಲ್ಲು ಮಳೆನೀರನ್ನು ಹಿಡಿದಿಡದೆ ಬಸಿದು ಬಿಡುತ್ತದೆ, ಒಣಗಿದಾಗ ಕರೆಂಟಿಗೆ ದಾರಿ ಕೊಡುವುದಿಲ್ಲ. ಒಂದೇ ಆಳದ ಪಿಟ್‌ಗೆ ಹಟ ಹಿಡಿಯುವುದಕ್ಕಿಂತ ಎರಡು-ಮೂರು ಪೈಪುಗಳನ್ನು ದೂರ ದೂರ ಹುಗಿದು ಜೋಡಿಸಿ. ನಡುವಿನ ಅಂತರ ಪೈಪಿನ ಉದ್ದಕ್ಕಿಂತ ಕಡಿಮೆ ಬೇಡ, ಎರಡರಷ್ಟಿದ್ದರೆ ಉತ್ತಮ. ಅವನ್ನು ಜೋಡಿಸುವ ಜಿಐ ಪಟ್ಟಿಯನ್ನು ಮಣ್ಣಿನೊಳಗೇ ಎಳೆದರೆ ಪಟ್ಟಿಯೂ ಅರ್ತ್ ಆಗಿ ಕೆಲಸ ಮಾಡುತ್ತದೆ. ಬಾವಿಯ ಪಕ್ಕ, ಬಚ್ಚಲ ನೀರು ಹರಿಯುವ ಬಾಳೆಬುಡ, ತೋಟದ ಕಪ್ಪಿನ (ನೀರು ಬಸಿಯುವ ಕಾಲುವೆಯ) ಅಂಚು, ಇಂಥ ತಂಪು ಜಾಗ ಹುಡುಕಿ. ಉಪ್ಪು-ಇದ್ದಿಲು ಹಾಕುವುದು ಹಳೆಯ ಕ್ರಮ, ಅಂಕಿ ಇಳಿಯುತ್ತದೆ. ಆದರೆ ಉಪ್ಪು ಕಬ್ಬಿಣವನ್ನು ತಿನ್ನುತ್ತದೆ, ನಾಲ್ಕು ಮಳೆಗೆ ತೊಳೆದೂ ಹೋಗುತ್ತದೆ. ಬೆಂಟೊನೈಟ್ ಜೇಡಿ ಸಿಕ್ಕರೆ ಅದೇ ಮೇಲು.

ಎಷ್ಟು ಕಷ್ಟಪಟ್ಟು 10 ಓಮ್‌ಗೆ ತಂದರೂ 10,000 ಆಂಪಿಯರ್ ಹರಿದಾಗ ನಿಮ್ಮ ಅರ್ತಿನ ವೋಲ್ಟೇಜ್ ಒಂದು ಲಕ್ಷಕ್ಕೆ ಏರುತ್ತದೆ. ಹಾಗಾದರೆ ಇದೆಲ್ಲ ವ್ಯರ್ಥವೇ? ಅಲ್ಲ. ಮುಂದಿನ ಪ್ರಶ್ನೆಯಲ್ಲಿ ಅದರ ಉತ್ತರವಿದೆ.

ಇನ್ವರ್ಟರಿಗೆ, ಸೋಲಾರಿಗೆ, ಮಿಂಚುವಾಹಕಕ್ಕೆ ಬೇರೆ ಬೇರೆ ಅರ್ತ್ ಇರಬೇಕಂತೆ. ಹೌದೇ?

ಪಿಟ್‌ಗಳು ಬೇರೆ ಬೇರೆ ಇರಲಿ, ಆದರೆ ಅವೆಲ್ಲ ಒಂದಕ್ಕೊಂದು ದಪ್ಪ ತಂತಿಯಿಂದ ಜೋಡಿಸಿರಲೇಬೇಕು. ‘ಸೋಲಾರಿನದು ಮನೆ ಅರ್ತಿಗೆ ತಾಗಬಾರದು’ ಎಂದು ಹೇಳುವವರ ಮಾತು ಕೇಳಿ ಸುಟ್ಟುಕೊಂಡವರು ಬಹಳ.

ಹೊಳೆಗೆ ನೆರೆ ಬಂದಾಗ ಒಟ್ಟಿಗೆ ತೇಲುವ ದೋಣಿಗಳೆಲ್ಲ ಒಟ್ಟಿಗೇ ಏರುತ್ತವೆ, ಒಂದನ್ನು ದಡದ ಮರಕ್ಕೆ ಬಿಗಿದಿದ್ದರೆ ಅದೊಂದು ಮುಳುಗುತ್ತದೆ. ಅರ್ತಿನದ್ದೂ ಹೀಗೆಯೇ. ಮನೆಯ ಎಲ್ಲವೂ ಒಂದೇ ಅರ್ತಿಗೆ ಕಟ್ಟಿದ್ದರೆ ಎಲ್ಲದರ ವೋಲ್ಟೇಜ್ ಒಂದು ಲಕ್ಷಕ್ಕೆ ಒಟ್ಟಿಗೇ ಏರಿ ಒಟ್ಟಿಗೇ ಇಳಿಯುತ್ತದೆ. ನಡುವೆ ವ್ಯತ್ಯಾಸವಿಲ್ಲದಲ್ಲಿ ಕರೆಂಟ್ ಹರಿಯುವುದಿಲ್ಲ, ಏನೂ ಸುಡುವುದಿಲ್ಲ. ಒಂದು ಉಪಕರಣಕ್ಕೆ ಈ ಕಡೆಯಿಂದ ಮನೆಯ ಅರ್ತ್, ಆ ಕಡೆಯಿಂದ ಬೇರೆ ಅರ್ತಿನ ಸಂಬಂಧ ಇದ್ದರೆ ಅಷ್ಟೂ ವೋಲ್ಟ್ ಆ ಉಪಕರಣದ ಹೊಟ್ಟೆಯೊಳಗೆ ನಿಲ್ಲುತ್ತದೆ.

ಹಾಗಾಗಿ ಸರ್ವಿಸ್ ವೈರ್, ಕೇಬಲ್ ಟಿವಿ, ಡಿಶ್, ಇಂಟರ್ನೆಟ್, ಸೋಲಾರ್ ಎಲ್ಲವೂ ಮನೆಯ ಒಂದೇ ಮೂಲೆಯಿಂದ ಒಳಬರುವಂತೆ ಮಾಡಿ, ಅಲ್ಲೇ ಒಂದು ಅರ್ತ್ ಬಾರ್ ಕೂರಿಸಿ ಎಲ್ಲವನ್ನೂ ಅದಕ್ಕೆ ಗಿಡ್ಡ ತಂತಿಯಿಂದ ಕಟ್ಟಿಸಿ. ಹೊಸ ಮನೆ ಕಟ್ಟುತ್ತಿರುವವರು ದಯವಿಟ್ಟು ಇದನ್ನು ನಕ್ಷೆಯಲ್ಲೇ ಯೋಚಿಸಿ. ಆಗ ಖರ್ಚಿಲ್ಲ, ಆಮೇಲೆ ಗೋಡೆ ಒಡೆಯಬೇಕು.

ನ್ಯೂಟ್ರಲ್ ಕಟ್ ಆದರೆ ಯಾಕೆ ಅಷ್ಟು ವೋಲ್ಟೇಜ್ ಬರುತ್ತದೆ?

ಟಿಸಿಯಿಂದ ಮೂರು ಫೇಸ್, ಒಂದು ನ್ಯೂಟ್ರಲ್ ಹೊರಡುತ್ತವೆ. ಫೇಸ್-ಫೇಸ್ ನಡುವೆ 400 ವೋಲ್ಟ್, ಫೇಸ್-ನ್ಯೂಟ್ರಲ್ ನಡುವೆ 230. ನ್ಯೂಟ್ರಲ್ ತುಂಡಾದರೆ ಬೇರೆ ಬೇರೆ ಫೇಸಿನ ಮನೆಗಳು ಒಂದರ ಹಿಂದೊಂದು ಸರಣಿಯಲ್ಲಿ ಸೇರಿ 400 ವೋಲ್ಟನ್ನು ಹಂಚಿಕೊಳ್ಳುತ್ತವೆ. ಗೀಸರ್, ಮಿಕ್ಸಿ ಓಡುತ್ತಿರುವ ಮನೆಗೆ ಕಡಿಮೆ, ಎರಡು ದೀಪ ಉರಿಯುವ ಮನೆಗೆ ಹೆಚ್ಚು. ಒಂದು ಮನೆಯಲ್ಲಿ ದೀಪ ಮಂಕು, ಪಕ್ಕದ ಮನೆಯಲ್ಲಿ ಕಣ್ಣು ಕುಕ್ಕುವ ಬೆಳಕು, ಫ್ಯಾನು ಹುಚ್ಚು ಹಿಡಿದಂತೆ ತಿರುಗುವುದು: ಇದೇ ಲಕ್ಷಣ. ಕಂಡ ಕೂಡಲೇ ಮೇನ್ ಇಳಿಸಿ, ಅಕ್ಕಪಕ್ಕದವರಿಗೂ ಕೂಗಿ ಹೇಳಿ, 1912ಕ್ಕೆ ಫೋನ್ ಮಾಡಿ.

ಓವರ್-ಅಂಡರ್ ವೋಲ್ಟೇಜ್ ಪ್ರೊಟೆಕ್ಟರ್ ಮೇನ್ ಬೋರ್ಡಿನಲ್ಲಿದ್ದರೆ 270ರ ಆಸುಪಾಸಿನಲ್ಲಿ ತಾನೇ ಕಡಿಯುತ್ತದೆ, ಸರಿಯಾದ ಮೇಲೆ ತುಸು ತಡೆದು ತಾನೇ ಜೋಡಿಸುತ್ತದೆ. ಕೈ ಬಿಗಿಯಿರುವವರು ಎಸ್‌ಪಿಡಿಗಿಂತ ಮೊದಲು ಇದನ್ನು ಹಾಕಿಸಿ ಎಂದೇ ನಾನು ಹೇಳುವುದು. ಸಿಡಿಲಿಗೆ ಪ್ಲಗ್ ಕೀಳಬಹುದು. ನ್ಯೂಟ್ರಲ್ ಹೇಳಿ ಹೋಗುವುದಿಲ್ಲ.

ಈಗ ಫೈಬರ್ ಇಂಟರ್ನೆಟ್. ಗಾಜಿನ ಎಳೆಯಲ್ಲಿ ಕರೆಂಟ್ ಬರುವುದಿಲ್ಲ. ಆದರೂ ರೂಟರ್ ಯಾಕೆ ಹೋಗುತ್ತದೆ?

ಗಾಜಿನಲ್ಲಿ ಬರುವುದಿಲ್ಲ. ಆದರೆ ಕಂಬದಿಂದ ಮನೆಗೆ ಎಳೆದ ಕೇಬಲಿನಲ್ಲಿ ಬಲಕ್ಕೆಂದು ಉಕ್ಕಿನ ತಂತಿ ಇರುತ್ತದೆ. ಅದನ್ನು ಮನೆಯ ಹೊರಗೇ ಕತ್ತರಿಸಿ ಬಿಡಿಸಬೇಕು, ರೂಟರ್ ತನಕ ತರಬಾರದು. ಇನ್ನೆರಡು ಬಾಗಿಲು ಅಡಾಪ್ಟರ್ ಮತ್ತು ಲ್ಯಾನ್ ವೈರ್. ಸುಟ್ಟ ರೂಟರನ್ನು ಬಿಚ್ಚಿ ನೋಡಿದರೆ ಹೆಚ್ಚಾಗಿ ಲ್ಯಾನ್ ಜಾಕಿನ ಹಿಂದೆಯೇ ಮಸಿ ಹಿಡಿದಿರುತ್ತದೆ, ಅಲ್ಲಿನ ಪುಟ್ಟ ಕಪ್ಪು ಡಬ್ಬಿ ಬಿರುಕು ಬಿಟ್ಟಿರುತ್ತದೆ. ಮಹಡಿಯ ಕಂಪ್ಯೂಟರಿಗೋ ಅಂಗಳದ ಕ್ಯಾಮೆರಾಕ್ಕೋ ಎಳೆದ ಉದ್ದದ ಲ್ಯಾನ್ ವೈರಿನ ಕೆಲಸ ಅದು. ಸಾಧ್ಯವಿರುವಲ್ಲೆಲ್ಲ ವೈಫೈ ಬಳಸಿ. ಹೊರಗಿನ ಸಿಸಿ ಕ್ಯಾಮೆರಾಗೆ ವೈರ್ ಬೇಕೇ ಬೇಕೆಂದರೆ ಅದಕ್ಕೆಂದೇ ಇರುವ ಲ್ಯಾನ್ ಸರ್ಜ್ ಪ್ರೊಟೆಕ್ಟರ್ ಸಿಗುತ್ತದೆ, ಮನೆಯೊಳಗೆ ಬರುವಲ್ಲಿ ಹಾಕಿ ಅರ್ತ್ ಬಾರಿಗೆ ಕಟ್ಟಿಸಿ.

ಇನ್ವರ್ಟರ್ ಇರುವ ಮನೆಯಲ್ಲಿ ಏನು ಮಾಡಬೇಕು?

ಗೋಡೆಯ ಸಾಕೆಟ್ಟಿನಿಂದ ಅದರ ಇನ್‌ಪುಟ್ ಪ್ಲಗ್ ಕೀಳಿ. ದೀಪ, ಫ್ಯಾನು ಬ್ಯಾಟರಿಯಲ್ಲಿ ನಡೆಯುತ್ತವೆ. ಹೆಚ್ಚಿನ ಕಡೆ ನ್ಯೂಟ್ರಲ್ ಮನೆ ಪೂರ್ತಿ ಒಂದೇ ಆಗಿರುವುದರಿಂದ ಪೂರ್ತಿ ರಕ್ಷಣೆಯಲ್ಲ, ಮೇನ್ ಕೂಡ ಇಳಿಸಿ.

ಬೋರ್‌ವೆಲ್ ಪಂಪು ಪ್ರತಿವರ್ಷ ಸುಡುತ್ತದೆ. ನೆಲದಡಿ ಇರುವುದಕ್ಕೆ ಸಿಡಿಲು ಹೇಗೆ ತಾಗುತ್ತದೆ?

ನೆಲದಡಿ, ನೀರಿನಲ್ಲಿ ಇರುವುದೇ ಕಾರಣ. ಇಡೀ ಜಮೀನಿನಲ್ಲಿ ಅತ್ಯುತ್ತಮ ಅರ್ತ್ ಯಾವುದೆಂದರೆ ನೀರಿನಲ್ಲಿ ಮುಳುಗಿದ ಆ ಮೋಟರಿನ ಮೈ. ಲೈನಿನಲ್ಲಿ ಬಂದ ಸರ್ಜ್ ಕೇಬಲಿನಲ್ಲಿ ಇಳಿದು, ವೈಂಡಿಂಗಿನ ಇನ್ಸುಲೇಷನ್ ತೂತುಮಾಡಿ, ಮೈ ಮೂಲಕ ನೀರಿಗೆ ಹೋಗುತ್ತದೆ. ಮೇಲೆ ಎತ್ತಿ ನೋಡಿದಾಗ ಮೋಟರ್ ಅರ್ತ್ ಆಗಿದೆ ಎನ್ನುತ್ತಾರಲ್ಲ, ಇದೇ ಅದು.

ಸ್ಟಾರ್ಟರ್ ಪ್ಯಾನೆಲಿನಲ್ಲಿ ತ್ರೀ ಫೇಸ್ ಎಸ್‌ಪಿಡಿ ಹಾಕಿಸಿ, ಅದರ ಅರ್ತ್ ತಂತಿಯನ್ನು ಬೋರಿನ ಕಬ್ಬಿಣದ ಕೇಸಿಂಗ್ ಪೈಪಿಗೆ ಬೋಲ್ಟ್ ಹಾಕಿ ಕಟ್ಟಿಸಿ. ಶೆಡ್ಡಿನ ಅರ್ತ್ ಪಿಟ್ಟನ್ನೂ ಅದಕ್ಕೇ ಸೇರಿಸಿ. ಕೇಸಿಂಗ್ ಪಿವಿಸಿ ಆಗಿದ್ದರೆ ಮೋಟರಿನ ಮೈಯಿಂದ ಒಂದು ಅರ್ತ್ ವೈರನ್ನು ಕೇಬಲಿನ ಜತೆಗೇ ಮೇಲೆ ತರಬೇಕು. ಮುಂದಿನ ಸಲ ಪಂಪ್ ಎತ್ತುವಾಗ ಮರೆಯದೆ ಮಾಡಿಸಿ. ಆಟೋ ಸ್ಟಾರ್ಟರ್, ಮೊಬೈಲ್ ಸ್ಟಾರ್ಟರ್ ಇರುವವರು ಗುಡುಗಿನ ಕಾಲದಲ್ಲಿ ಸಂಜೆ ಹೊತ್ತು ಫ್ಯೂಸ್ ಕಿತ್ತಿಡುವುದು ವಾಸಿ. ಕೀಳುವುದು ಬಿಸಿಲಿರುವಾಗ, ಮೋಡ ಕವಿದು ಗುಡುಗುವಾಗ ಪಂಪ್‌ಶೆಡ್ಡಿಗೆ ಓಡಬೇಡಿ. ತೋಟದೊಳಗೆ ಮರದ ಪಕ್ಕ ನಿಂತವರಿಗೆ ಮರದಿಂದಲೇ ಸಿಡಿಲು ಜಿಗಿಯುತ್ತದೆ.

ಮಾಡಿನ ಮೇಲೆ ಸೋಲಾರ್ ಪ್ಯಾನೆಲ್ ಇದೆ.

ಪ್ಯಾನೆಲ್ ಕಡೆಗೆ ಡಿಸಿ ಎಸ್‌ಪಿಡಿಯೇ ಬೇಕು. ಎಸಿಯದ್ದನ್ನು ಅಲ್ಲಿ ಹಾಕಿದರೆ ಡಿಸಿ ಆರ್ಕ್ (ಕಿಡಿ) ಆರದೆ ಬೆಂಕಿ ಹಿಡಿಯಬಹುದು. ಪ್ಲಸ್, ಮೈನಸ್ ತಂತಿಗಳನ್ನು ಜತೆಜತೆಯಾಗಿ ಇಳಿಸಿ, ನಡುವೆ ದೊಡ್ಡ ಸುತ್ತು ಬಿಡಬೇಡಿ. ಪ್ಯಾನೆಲಿನ ಚೌಕಟ್ಟನ್ನು ಮನೆಯ ಅರ್ತ್ ಬಾರಿಗೆ ಕಟ್ಟಿಸಿ. ಸೋಲಾರ್ ಬೇಲಿ ಇರುವವರು ಬೇಲಿಯ ತಂತಿ ಎನರ್ಜೈಸರಿಗೆ (ಬೇಲಿಗೆ ಕರೆಂಟ್ ಕೊಡುವ ಪೆಟ್ಟಿಗೆಗೆ) ಬರುವ ಮೊದಲು ಲೈಟ್ನಿಂಗ್ ಡೈವರ್ಟರ್ ಹಾಕಿಸಿ. ತೋಟ ಸುತ್ತಿದ ಬೇಲಿಗಿಂತ ಉದ್ದದ ತಂತಿ ನಿಮ್ಮಲ್ಲಿ ಬೇರೊಂದಿಲ್ಲ.

ಮಿಂಚುವಾಹಕದ ಕಂಬಿ ನೆಟ್ಟರೆ ಎಲ್ಲಕ್ಕೂ ಪರಿಹಾರವಲ್ಲವೇ?

1750ರ ದಶಕದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ತೋರಿಸಿಕೊಟ್ಟ ಆ ಕಂಬಿ ಕಟ್ಟಡವನ್ನೂ ಒಳಗಿರುವವರನ್ನೂ ಕಾಪಾಡುತ್ತದೆ. ಉಪಕರಣಗಳನ್ನಲ್ಲ. ಕಂಬಿಯಲ್ಲಿ ಸಿಡಿಲು ಇಳಿದಾಗ ಮನೆಯೊಳಗಿನ ವೈರಿಂಗಿನಲ್ಲಿ ಸರ್ಜ್ ಹುಟ್ಟಿಯೇ ಹುಟ್ಟುತ್ತದೆ, ಆದ್ದರಿಂದ ಕಂಬಿ ಇದ್ದಲ್ಲಿ ಟೈಪ್ 1 ಎಸ್‌ಪಿಡಿ ಕಡ್ಡಾಯವೆಂದೇ ತಿಳಿಯಿರಿ. ಸುತ್ತ ನೂರು ಮೀಟರಿಗೆ ಒಂದೇ ಸಾಕು ಎಂದು ಮಾರುವ ದುಂಡು ತಲೆಯ ಕಂಬಿಗಳನ್ನು ನಮ್ಮ ದೇಶದ ಮಾನಕ ಐಎಸ್/ಐಇಸಿ 62305 ಒಪ್ಪಿಲ್ಲ. ಆ ದುಡ್ಡನ್ನು ಸಾದಾ ಕಂಬಿ, ಒಳ್ಳೆಯ ಇಳಿತಂತಿ, ಒಳ್ಳೆಯ ಅರ್ತಿಗೆ ಹಾಕಿ.

ಟಿಸಿಯಲ್ಲೇ ಸಿಡಿಲು ತಡೆಯುವ ಅರೆಸ್ಟರ್ ಇದೆಯಲ್ಲ?

ಇದೆ. 11 ಕಿಲೋವೋಲ್ಟ್ ಕಡೆಯಲ್ಲಿ ಪ್ರತಿ ಫೇಸಿಗೆ ಒಂದರಂತೆ. ಅದು ಇರುವುದು ಟಿಸಿಯನ್ನು ಉಳಿಸಲಿಕ್ಕೆ. ಟಿಸಿಯಿಂದ ನಿಮ್ಮ ಮನೆವರೆಗಿನ ಎಲ್‌ಟಿ (ಕಡಿಮೆ ವೋಲ್ಟೇಜಿನ) ಲೈನಿನಲ್ಲಿ ಹುಟ್ಟಿದ ಸರ್ಜಿಗೂ ಅದಕ್ಕೂ ಸಂಬಂಧವೇ ಇಲ್ಲ.

ವಾರಂಟಿ ಸಿಗುತ್ತದೆಯೇ? ವಿಮೆ?

ಸಿಡಿಲು, ವೋಲ್ಟೇಜ್ ಏರಿಳಿತದಿಂದ ಆದ ಹಾನಿಯನ್ನು ವಾರಂಟಿ ಸಾಮಾನ್ಯವಾಗಿ ಹೊರಗಿಡುತ್ತದೆ. ಮನೆ ವಿಮೆಯ ವಿಷಯದಲ್ಲಿ ಎಚ್ಚರ ಬೇಕು. ಪಾಲಿಸಿಯ ಪಟ್ಟಿಯಲ್ಲಿ ‘ಸಿಡಿಲು’ ಎಂದಿರುವುದನ್ನು ಮಾತ್ರ ನೋಡಿ ತೃಪ್ತರಾಗಬೇಡಿ. ವಿದ್ಯುತ್ ಉಪಕರಣದೊಳಗೇ ಶಾರ್ಟ್ ಆಗಿ, ಹೆಚ್ಚು ವೋಲ್ಟೇಜಿಗೆ ಸಿಕ್ಕಿ ಅದೇ ಉಪಕರಣ ಕೆಟ್ಟರೆ ಕೊಡುವುದಿಲ್ಲ ಎಂಬ ಷರತ್ತು ಬೇರೆ ಪುಟದಲ್ಲಿ ಇರುವುದುಂಟು. ‘ಪಕ್ಕದಲ್ಲಿ ಸಿಡಿಲು ಬಿದ್ದು ಲೈನಿನಿಂದ ಟಿವಿ ಸುಟ್ಟರೆ ಕೊಡುತ್ತೀರಾ’ ಎಂದು ನೇರವಾಗಿ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆದು ಪ್ರೀಮಿಯಂ ಕಟ್ಟಿ.

ಗುಡುಗುವಾಗ ಮೊಬೈಲಿನಲ್ಲಿ ಮಾತಾಡಬಹುದೇ?

ಮನೆಯೊಳಗೆ ಧಾರಾಳವಾಗಿ. ಮೊಬೈಲ್ ಸಿಡಿಲನ್ನು ಸೆಳೆಯುವುದಿಲ್ಲ. ಚಾರ್ಜಿಗೆ ಹಾಕಿಕೊಂಡು ಮಾತಾಡಬೇಡಿ, ಅಪಾಯ ಆ ವೈರಿನದು. ತಂತಿ ಇರುವ ಲ್ಯಾಂಡ್‌ಲೈನ್ ಮುಟ್ಟಬೇಡಿ. ಕಬ್ಬಿಣದ ಪೈಪಿನ ನಲ್ಲಿಯಲ್ಲಿ ಪಾತ್ರೆ ತೊಳೆಯುವುದು, ಸ್ನಾನ ಮಾಡುವುದನ್ನೂ ಅರ್ಧ ಗಂಟೆ ಮುಂದೆ ಹಾಕಿ.

ಎಸ್‌ಪಿಡಿಯ ಕಿಟಕಿ ಹಸಿರಿದ್ದದ್ದು ಕೆಂಪಾಗಿದೆ. ಆದರೆ ಕರೆಂಟ್ ಬರುತ್ತಿದೆ.

ಅದರ ಆಯಸ್ಸು ಮುಗಿದಿದೆ. ಎಂಒವಿ ಪ್ರತಿ ಸರ್ಜಿಗೂ ತುಸು ಸವೆಯುತ್ತದೆ, ಕೊನೆಗೊಮ್ಮೆ ತಾನೇ ಲೈನಿನಿಂದ ಕಳಚಿಕೊಂಡು ಕೆಂಪು ತೋರಿಸುತ್ತದೆ. ಮನೆಗೆ ಕರೆಂಟ್ ಎಂದಿನಂತೆ ಬರುತ್ತದೆ, ರಕ್ಷಣೆ ಮಾತ್ರ ಇಲ್ಲ. ಹೆಚ್ಚಿನವುಗಳಲ್ಲಿ ಮುಂಭಾಗದ ಕಾರ್ಟ್ರಿಜ್ ಮಾತ್ರ ಎಳೆದು ಬದಲಿಸಬಹುದು. ಮೇನ್ ಇಳಿಸಿ ಬದಲಿಸಿ, ಯುಸಿ ಅಂಕಿ ಹಳೆಯದ್ದೇ ಇರಲಿ. ಹಿಂದಿನ ಫ್ಯೂಸ್ ಹೋಗಿದ್ದರೆ ಕಿಟಕಿ ಹಸಿರಿದ್ದೂ ಎಸ್‌ಪಿಡಿ ಕೆಲಸಕ್ಕಿಲ್ಲ, ಅದನ್ನೂ ನೋಡಿ. ಏಪ್ರಿಲ್ ಮೊದಲ ವಾರ ಒಮ್ಮೆ, ನವರಾತ್ರಿಯ ಹೊತ್ತಿಗೆ ಒಮ್ಮೆ ಬೋರ್ಡಿನ ಬಾಗಿಲು ತೆಗೆದು ಕಣ್ಣಾಡಿಸಿದರೆ ಸಾಕು.

ಹತ್ತಿರದಲ್ಲೇ ಸಿಡಿಲು ಬಡಿಯಿತು. ಈಗ ಏನೇನು ನೋಡಬೇಕು?

ಮೊದಲು ಮೂಗು. ಸುಟ್ಟ ವಾಸನೆ, ಹೊಗೆ ಇದ್ದರೆ ಮೇನ್ ಇಳಿಸಿ, ಅಟ್ಟ ಹತ್ತಿ ನೋಡಿ. ಮರದ ಜಂತಿಯ ಹಳೆ ಮನೆಗಳಲ್ಲಿ ವೈರಿಂಗ್ ಒಳಗೊಳಗೇ ಕನಲುತ್ತಿದ್ದು ಗಂಟೆಗಳ ಮೇಲೆ ಹೊತ್ತಿಕೊಳ್ಳಬಹುದು. ಅಂಗಳದಲ್ಲಿ ತುಂಡಾಗಿ ಬಿದ್ದ ತಂತಿ ಇದ್ದರೆ ಸತ್ತಿದೆ ಎಂದುಕೊಳ್ಳದೆ ದೂರ ನಿಂತು 1912ಕ್ಕೆ ಹೇಳಿ, ದನಕರುಗಳನ್ನೂ ಆ ಕಡೆ ಬಿಡಬೇಡಿ. ಆಮೇಲೆ ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ. ಸರ್ಜಿಗೆ ಸಿಕ್ಕಿದ ಆರ್‌ಸಿಸಿಬಿ ಹೊರಗೆ ಸರಿಯಾಗಿ ಕಂಡರೂ ಒಳಗೆ ಅಂಟಿಕೊಂಡಿರಬಹುದು. ಬಟನ್ ಒತ್ತಿದಾಗ ಬೀಳದಿದ್ದರೆ ಅಂದೇ ಬದಲಿಸಿ. ಎಸ್‌ಪಿಡಿ ಕಿಟಕಿ, ಅರ್ತ್ ಪಿಟ್ ಬೋಲ್ಟು ನೋಡಿ, ಉಪಕರಣಗಳನ್ನು ಒಂದೊಂದಾಗಿ ಜೋಡಿಸಿ. ಮೊದಲು ಎಲ್ಲಕ್ಕಿಂತ ಅಗ್ಗದ್ದು, ಕೊನೆಗೆ ಫ್ರಿಜ್ಜು.